ಪುಸ್ತಕದಾಗ ಇರಲಿ

ವಿಶಾಲ ಬಿಳಿ ಪಟ್ಟಿಯನ್ನು ಹಣೆಗೆ ಸುತ್ತಿ ಗೋಡೆಯ ಮೊಳೆಗೆ ಬಿಗಿಯುತ್ತಿದ್ದಾಗ ಗಂಟು ಜಾರಿತು. ಕಟ್ಟೆಯ ಮೇಲೆ ಕಾಲು ಮಡಚಿ ಕೂಡಿಸಿದ್ದ ಮಹಾಂತಯ್ಯನ ಹೆಣದ ತಲೆ ಮುಂದಕ್ಕೆ ಬಾಗಿ ಮಡಿಲನ್ನು ನೋಡಿತು. ಮಡಿಲಲ್ಲಿ ಪುಸ್ತಕವಿರಲಿಲ್ಲ.

"ಹಿಡೀರಿ, ಹಿಡೀರಿ," ಎಂದಳು ಬಾಜೂ ಮನೆಯ ಶೇವಂತೆವ್ವ. "ಅಯ್ಯಾ ಅಂಗಡ್ಯಾಗೂ ಹಿಂಗ ಗೋಣು ಹಾಕ್ಕೊಂಡು ಕುಂದರತಿದ್ದ. ಗಿರಾಕಿ ಬಂದ್ರೂ ಎತ್ತತಿದ್ದಿಲ್ಲ."

ವಿಶಾಲ ತನ್ನ ಕಾಕಾನ ತಲೆ ಎತ್ತಿ ಮತ್ತೆ ಕಟ್ಟಿದ. ಆ ಮೊಳೆಗೆ ನೇತಾಡುತ್ತಿದ್ದ ಟಾರ್ಚು ಈಗ ನೆಲದ ಮೇಲಿತ್ತು. ಮಹಾಂತಯ್ಯನ ಹೆಂಡತಿ ಚನ್ನಬಸವ್ವ ಅದನ್ನು ಎತ್ತಿ ಸೆರಗಿನಿಂದ ಒರೆಸಿದಳು.

"ವಿಶಾಲಾ, ಇದನ್ನ ಹಚ್ಚಿ ಅವರ ಕೈಯಾಗ ಕೊಟ್ಟು ಕಳಸೂಣಪಾ."

"ಹಚ್ಚಿ? ಚಿಗವ್ವಾ, ಒಂದು ಕೈಯಾಗ ಲಿಂಗ, ಇನ್ನೊಂದು ಕೈಯಾಗ ಟಾರ್ಚು? ಮಂದಿ ನಗತಾರ. ಯಾಕ, ಕಾಕಾಗ ಕತ್ತಲಂದ್ರ ಅಂಜಿಕಿ ಇತ್ತೇನು?"

ಅಂಗಳದಲ್ಲಿ ಕೂತವರ ಮಾತು ನಿಂತಿತು.

"ಎಲ್ಲೀದು," ಎಂದಳು ಚನ್ನಬಸವ್ವ. "ಅವರಿಗೆಲ್ಲಿ ಅಂಜಿಕಿ."

ಬೆಂಗೇರಿಯಲ್ಲಿ ಅವನು ದೆವ್ವದ ಅಯ್ಯ. ಅವನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ದೆವ್ವದ ಮಾಸಪತ್ರಿಕೆ, ಭೂತದ ಕಾಮಿಕ್ಸು ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಪಂಢರಿನಾಥ ಅಂಗಳದವರಿಗೆ ಹೇಳತೊಡಗಿದ.

"ನಾ ಸಣ್ಣಾಂವಿದ್ದಾಗ ಒಂದು ಪುಸ್ತಕ ಒಯ್ದಿದ್ದೆ. ಮ್ಯಾಲ ಬಾವಿಯೊಳಗಿಂದ ಏರಿ ಬರೋ ಹೆಂಗಸಿನ ಚಿತ್ರ. ಓದಿ, ಮುಚ್ಚಿ, ಹಾಸಿಗಿ ಕೆಳಗ ಇಟ್ಟೆ. ಅಲ್ಲಿಂದ ನೀರು ತೊಟ್ಟಿಕ್ಕೋ ಸಪ್ಪಳ ಕೇಳಾಕ ಹತ್ತಿತು ನೋಡ್ರಿ! ಓಡಿಹೋಗಿ ಅಯ್ಯಾಗ ವಾಪಸ್ ಕೊಟ್ಟೆ. 'ಇಡೋ ಇಲ್ಲಿ, ಅದು ನನಗ ಅಂಜತದ' ಅಂದ."

"ತೊಟ್ಟಿಕ್ಕಿದ್ದು ನಿನ್ನ ಚಡ್ಡೀದು ಇರಬೇಕು," ಎಂದಳು ಶೇವಂತೆವ್ವ.

ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಪಟ್ಟಿಯ ಬಿಗಿಗೆ ಹೆಣದ ತುಟಿಯೂ ಒಂದು ಬದಿಗೆ ಎಳೆದುಕೊಂಡಿತ್ತು.

*

ಮದುವೆಯಾದ ವರ್ಷ, ಒಂದು ಸಂಜೆ ಕರೆಂಟು ಹೋದಾಗ ಚನ್ನಬಸವ್ವನಿಗೆ ಗೊತ್ತಾಗಿತ್ತು. ಒಳಕೋಣೆಯಲ್ಲಿ ಅವನು ಗೋಡೆಗೆ ಬೆನ್ನು ಕೊಟ್ಟು ಟಾರ್ಚಿನ ಬೆಳಕಿನಲ್ಲಿ ಓದುತ್ತಿದ್ದ. ಅಂಗಿ ಬೆವರಿಗೆ ಅಂಟಿತ್ತು. ಟಾರ್ಚು ಹಿಡಿದ ಕೈಯಿಂದಲೇ ಹಾಳೆ ತಿರುವುತ್ತಿದ್ದ. ಆಗೆಲ್ಲ ಬೆಳಕು ಒಂದು ಗಳಿಗೆ ಆರಿದಂತಾಗಿ ಮತ್ತೆ ಬಂದು ನಿಲ್ಲುತ್ತಿತ್ತು.

"ಇಷ್ಟು ಅಂಜಿದ್ರ ಯಾಕ ಓದತೀರಿ?"

"ಓದೂತನಕ ಅದು ಪುಸ್ತಕದಾಗ ಇರತದ, ಚನ್ನೀ."

"ಮುಚ್ಚಿದ ಮ್ಯಾಲ?"

ಅವನು ಅವಳ ಹೆಗಲ ಹಿಂದಿನ ಬಾಗಿಲನ್ನು ನೋಡಿದ. ಅವಳು ತಿರುಗಿ ನೋಡಲಿಲ್ಲ. ಮುಂದೆಂದೂ ಆ ಪ್ರಶ್ನೆ ಕೇಳಲೂ ಇಲ್ಲ.

ಹುಡುಗರು ಅಂಜಿ ತಂದುಕೊಟ್ಟ ಪುಸ್ತಕಗಳನ್ನು ಅವನು ಅಂಗಡಿಯಲ್ಲಿ ಬಿಡದೆ ಮನೆಗೆ ತರುತ್ತಿದ್ದ. ಬೆಂಗೇರಿಯ ಮಕ್ಕಳು ನಿದ್ದೆ ಮಾಡುತ್ತಿದ್ದರು. ಅವನು ಓದುತ್ತಿದ್ದ. ಬಾವಿಯ ಹೆಂಗಸಿನ ಪುಸ್ತಕವನ್ನು ಎಷ್ಟು ಸಲ ಹಿಡಿದಿದ್ದನೆಂದರೆ, ಅವನ ಹೆಬ್ಬೆರಳಿಗೆ ಅವಳ ಮುಖವೇ ಸವೆದುಹೋಗಿತ್ತು.

ಕಾಯಿಲೆ ಜೋರಾದ ಮೇಲೆ ಒಮ್ಮೆ ಚನ್ನಬಸವ್ವನ ಮುಂಗೈ ಹಿಡಿದುಕೊಂಡ. "ನಮ್ಮನ್ನ ಕುಂದರಿಸಿ ಹೂಳತಾರ. ಒಳಗ ಕತ್ತಲ. ಬೆಳಕು ಕೊಟ್ಟು ಕಳಸು. ಆ ಪುಸ್ತಕಾನೂ ಕೊಡು, ತೆರದು ಕೊಡು. ಯಾರಿಗೂ ಹೇಳಬ್ಯಾಡ."

ಅವಳು ಹೂಂ ಅಂದಿದ್ದಳು.

*

ಮಧ್ಯಾಹ್ನ ಮಕಬೂಲಸಾಬ ಕಂಕುಳಲ್ಲಿ ಶಾಲು ಇಟ್ಟುಕೊಂಡು ಬಂದ. ರದ್ದಿ ಅಂಗಡಿಯವನು. ರದ್ದಿಯಲ್ಲಿ ಬಂದ ದೆವ್ವದ ಸಂಚಿಕೆಗಳನ್ನು ಹರಿಯಗೊಡದೆ ಗೆಳೆಯನಿಗೆಂದು ತೆಗೆದಿಡುತ್ತಿದ್ದವನು. ಚನ್ನಬಸವ್ವ ಅವನನ್ನು ಹಿತ್ತಲ ಬಾಗಿಲಿಗೆ ಕರೆದಳು.

"ಮಕಬೂಲಣ್ಣಾ, ಒಂದು ಜೋಡಿ ಸೆಲ್ಲು ಬೇಕಾಗಿತ್ರಿ."

ಅವನು ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟ. "ತಂದೇನಿ ತಂಗಿ."

"ನಿಮಗ ಗೊತ್ತಿತ್ತ?"

"ಹಗಲೆಲ್ಲ ದೆವ್ವದ ಜೋಡಿ ಕುಸ್ತಿ ಹಿಡಿಯೋ ಮಾತಾಡಾಂವ. ಹೊತ್ತು ಮುಳುಗಾಕ ಬಂತಂದ್ರ ಸೆಲ್ಲು ಅದಾವೇನು ಅಂತ ಬರಾಂವ. ನಾ ಕೇಳಲಿಲ್ಲ, ಅಂವ ಹೇಳಲಿಲ್ಲ."

"ಇಷ್ಟು ಮಂದಿ ಮುಂದ ಹೆಂಗ ಇಡಲಿ? ಹೇಳಿದ್ರ ಅವರ ಮರ್ಯಾದಿ ಹೋಗತದ. ಇಡಲಿಲ್ಲಂದ್ರ ನನ್ನ ಮಾತು ಹೋಗತದ."

ಮಕಬೂಲಸಾಬ ತನ್ನ ಶಾಲನ್ನು ನೋಡಿದ.

ಹೆಣವನ್ನು ಹೂವಿನ ವಿಮಾನದಲ್ಲಿ ಕೂಡಿಸಿದ ಮೇಲೆ ಅವನು ಮುಂದೆ ಬಂದು "ನಂದೊಂದು ಶಾಲು," ಎಂದು ಅಗಲಕ್ಕೆ ಬಿಚ್ಚಿ ಎತ್ತಿ ಹಿಡಿದ. ಹಿಡಿದೇ ಇದ್ದ.

"ಸಾಬಣ್ಣಾ, ಹೊಚ್ಚತೀಯೋ, ಒಣಾ ಹಾಕತೀಯೋ?" ಎಂದಳು ಶೇವಂತೆವ್ವ.

ಶಾಲಿನ ಮರೆಯಲ್ಲಿ ಚನ್ನಬಸವ್ವ ಪುಸ್ತಕವನ್ನು ತೆರೆದು ಮಡಿಲಲ್ಲಿಟ್ಟಳು. ಟಾರ್ಚು ಹಚ್ಚಿದಳು. ಅವನ ಬಲಗೈ ಬೆರಳು ಸೆಟೆದಿದ್ದವು, ಒಂದೊಂದಾಗಿ ಬಿಡಿಸಬೇಕಾಯಿತು. ಟಾರ್ಚಿನ ಸುತ್ತ ಅವನ್ನು ಮತ್ತೆ ಮುಚ್ಚಲು ಅವಳು ಏನೂ ಮಾಡಬೇಕಾಗಲಿಲ್ಲ.

ಶಾಲು ಇಳಿಯಿತು. ಬಿಸಿಲಿನಲ್ಲಿ ಅದರೊಳಗಿನ ಬೆಳಕು ಯಾರಿಗೂ ಕಾಣಲಿಲ್ಲ.

*

ಭಜನೆಯವರು ಓಣಿ ಓಣಿಗೆ ನಿಂತು ತಡವಾಯಿತು. ಕುಣಿಯ ಹತ್ತಿರ ಬರುವಷ್ಟರಲ್ಲಿ ಮಬ್ಬುಗತ್ತಲೆ. ಕುಣಿಯ ಒಳಗೋಡೆಯಲ್ಲಿ ಕೊರೆದ ಗೂಡಿನೊಳಗೆ ಹೆಣವನ್ನು ಕೂಡಿಸಬೇಕಾಗಿತ್ತು. ಕುಣಿಗಿಳಿದ ವಿಶಾಲನಿಗೆ ಕಾಣಲೆಂದು ಮೇಲಿನವರು ಮೊಬೈಲಿನ ಬೆಳಕು ಬಿಟ್ಟರು. ಅಷ್ಟು ಬೆಳಕುಗಳಲ್ಲಿ ಇನ್ನೊಂದು ಯಾರ ಗಮನಕ್ಕೂ ಬರಲಿಲ್ಲ. ವಿಶಾಲ ವಿಭೂತಿ ಇಟ್ಟ. ಗೂಡಿನ ತುಂಬ ಬಿಲ್ವಪತ್ರಿ ತುಂಬಿ ಏರಿ ಬಂದ. ಮೊಬೈಲುಗಳು ಒಂದೊಂದಾಗಿ ಆರಿದವು.

ಕುಣಿಯಲ್ಲಿ ಬೆಳಕು ಉಳಿಯಿತು. ಪತ್ರಿಯ ಸಂದಿಯಿಂದ, ಹಳದಿಯಾಗಿ.

"ಯಾರದರ ಮೊಬೈಲು ಒಳಗ ಬಿತ್ತೇನ್ರೋ?" ಎಂದ ಪಂಢರಿನಾಥ.

ಎಲ್ಲರೂ ಜೇಬು ಮುಟ್ಟಿಕೊಂಡರು. ಎಲ್ಲರದೂ ಇತ್ತು. ಸಲಿಕೆ ಹಿಡಿದವರು ಹಿಂದೆ ಸರಿದರು.

"ನೋಡ್ರಿ, ನೋಡ್ರಿ," ಶೇವಂತೆವ್ವ ಕೈ ಜೋಡಿಸಿದಳು. "ಮಣ್ಣಾಗೂ ಕತ್ತಲ ಅಂವಗ ಅಂಜಾಕತ್ತೇತಿ."

ವಿಶಾಲ ಚಿಗವ್ವನ ಮುಖ ನೋಡಿದ. ಬಾಯಿ ತೆರೆದ. ಮಕಬೂಲಸಾಬ ಅವನ ಹೆಗಲ ಮೇಲೆ ಕೈ ಇಟ್ಟ. ವಿಶಾಲ ಬಾಯಿ ಮುಚ್ಚಿಕೊಂಡ.

"ಎಳೀರಿ ಮಣ್ಣು," ಎಂದಳು ಚನ್ನಬಸವ್ವ.

ಯಾರೂ ಮುಂದೆ ಬರಲಿಲ್ಲ. ಅವಳೇ ಬಾಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡು ಕುಣಿಯ ಅಂಚಿಗೆ ಬಂದಳು.

ಒಳಗೆ ಬೆಳಕು ಒಂದು ಗಳಿಗೆ ಆರಿದಂತಾಗಿ, ಮತ್ತೆ ಬಂದು ನಿಂತಿತು.

ಚನ್ನಬಸವ್ವ ಕಾದಳು. ಆ ಪುಟ ಮುಗಿಯುವವರೆಗೆ ಮಣ್ಣು ಅವಳ ಕೈಯಲ್ಲೇ ಇತ್ತು.