ಕಾರು ಮಾರೋದಿಲ್ಲ

ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಆಕೆಯನ್ನು ಎಲ್ಲರೂ ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. ಕಲಿಯಲು ಬಂದವರು ಸ್ಟೀರಿಂಗ್ ಹಿಡಿದು ಕಂಗಾಲಾದಾಗಲೆಲ್ಲ, ಪಕ್ಕದಲ್ಲಿ ಕೂತ ಆಕೆಯ ಕಾಲು ತನ್ನ ಬದಿಗಿದ್ದ ಇನ್ನೊಂದು ಬ್ರೇಕನ್ನು ಒತ್ತಿಬಿಟ್ಟಿರುತ್ತಿತ್ತು. ಎಪ್ಪತ್ತರ ಹೊಸ್ತಿಲಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ದಿನವೂ, ಸ್ಟ್ರೆಚರ್ ತಳ್ಳುವವನಿಗೆ ತಿರುವಿನಲ್ಲಿ ನಿಧಾನ ಮಾಡಪ್ಪಾ ಎಂದವಳು ಅವಳು.

ಮನೆಗೆ ಬಂದ ಮೇಲೆ ಮಗಳು ಕಾರಿನ ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಇನ್ನು ಸ್ಕೂಲೂ ಬೇಡ ಗೀಲೂ ಬೇಡ ಅಂದಳು. ಬ್ರೇಕಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೆಲವು ವಾರಗಳ ನಂತರ ಡಾಕ್ಟರು ಕೆಲಸ ಮಾಡಬಹುದು ಎಂದದ್ದೇ ತಡ, ಕೀಲಿ ಇಸಿದುಕೊಂಡು ಕಾರು ಹತ್ತಿದಳು.

ಆದರೆ ದೇಹ ಮೊದಲಿನ ಹಾಗೆ ಇರಲಿಲ್ಲ. ಸಂಜೆಯಾದರೆ ಪಾದ ಊದಿ ಚಪ್ಪಲಿ ಬಿಗಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬಿನ ಮೇಲೆ ದಿಂಬು ಪೇರಿಸಿ ಒರಗುತ್ತಿದ್ದಳು. ಗಂಡ ಕೇಳಿದರೆ, ವಯಸ್ಸಾಯ್ತಲ್ರೀ ಎಂದು ಮಾತು ತೇಲಿಸುತ್ತಿದ್ದಳು. ಆ ಮಾತನ್ನು ಅವಳೇ ನಂಬಿರಲಿಲ್ಲ. ಬಾಯಿ ಬಿಟ್ಟರೆ ಕೀಲಿ ಮತ್ತೆ ಮಗಳ ಚೀಲ ಸೇರುತ್ತದಲ್ಲ!

ಒಂದು ಬೆಳಿಗ್ಗೆ ಹೊಸದಾಗಿ ಕಲಿಯುತ್ತಿದ್ದ ಗುಮಾಸ್ತನೊಬ್ಬ ಕಾರನ್ನು ಹಿಂದಕ್ಕೆ ತೆಗೆಯುವಾಗ ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದ. ಊದಿದ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಾರು ಗೋಡೆಗೆ ಗುದ್ದಿತ್ತು. ದೀಪವೊಂದು ಒಡೆದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅದೇ ಗೋಡೆಯ ಮುಂದೆ ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ಆಗಷ್ಟೇ ದಾಟಿ ಹೋಗಿದ್ದಳು. ಬ್ರೇಕಮ್ಮ ಕಾರಿನಿಂದಿಳಿದು, ಆ ಮಗು ಕಣ್ಮರೆಯಾಗುವವರೆಗೂ ನೋಡಿದಳು. ತಪ್ಪು ನಿನ್ನದಲ್ಲಪ್ಪ ಎಂದು ಗುಮಾಸ್ತನಿಗೆ ಹೇಳಿ, ತಾನೇ ಮಗಳಿಗೆ ಫೋನ್ ಮಾಡಿದಳು.

ಹೃದಯಾಘಾತದ ಪೆಟ್ಟಿನಿಂದ ಹೃದಯ ದುರ್ಬಲವಾಗಿದೆ, ರಕ್ತವನ್ನು ಸರಿಯಾಗಿ ತಳ್ಳಲಾರದೆ ಕಾಲಲ್ಲೂ ಶ್ವಾಸಕೋಶದಲ್ಲೂ ನೀರು ತುಂಬಿದೆ ಎಂದರು ಡಾಕ್ಟರು. ವಯಸ್ಸಾದವರಲ್ಲಿ ಹೀಗಾಗುವುದುಂಟು, ಕಾಲು ಊದಿದ ಮೊದಲ ದಿನವೇ ಬರಬೇಕಿತ್ತು ಎಂದು ಗದರಿದರು. ನೀರು ಇಳಿಸಲು ಒಂದೆರಡು ದಿನ ಅಲ್ಲೇ ಇರಿಸಿಕೊಂಡು, ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಿಸಿ, ನೀರು ಮತ್ತೆ ಸೇರಿದರೆ ತಿಳಿಯಲೆಂದು ದಿನಾ ತೂಕ ನೋಡಿಕೊಳ್ಳಲು ಹೇಳಿದರು. ಬ್ರೇಕಿನ ಸೀಟು ಸದ್ಯಕ್ಕೆ ಬೇಡ ಎಂದರು.

ಮನೆಗೆ ಬಂದ ಕೂಡಲೇ ಮಗಳು ಕಾರು ಮಾರುವ ಮಾತು ತೆಗೆದಳು.

"ಮಾರೋದಿಲ್ಲ," ಅಂದಳು ಬ್ರೇಕಮ್ಮ. "ಸೋತಿರೋದು ನನ್ನ ಗುಂಡಿಗೆ. ಬಾಯಿ ಗಟ್ಟಿಯಾಗೇ ಇದೆ."

"ನಿನ್ನ ಹಟಕ್ಕೆ ನಾನು ನಿನ್ನ ಕಳ್ಕೋಬೇಕಾ ಅಮ್ಮಾ?"

"ಮೂಲೇಲಿ ಕೂರಿಸಿದ್ರೂ ಒಂದಿನ ಕಳ್ಕೊಳ್ತೀಯ ಕಣೇ. ಕಾಲು ಊದಿದ್ದನ್ನ ಮುಚ್ಚಿಟ್ಟಿದ್ದು ತಪ್ಪು, ಇನ್ಮೇಲೆ ಎಲ್ಲಾ ಹೇಳ್ತೀನಿ. ಆದ್ರೆ ಸ್ಕೂಲು ನಡೆಯುತ್ತೆ."

ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಮರುದಿನ ತೂಕದ ಯಂತ್ರವೊಂದನ್ನು ತಂದು ಅಮ್ಮನ ಮಂಚದ ಪಕ್ಕ ಇಟ್ಟಳು.

ಬ್ರೇಕಿನ ಸೀಟಿಗೆ ಹಳೆಯ ಶಿಷ್ಯೆಯೊಬ್ಬಳು ಬಂದಳು, ಈಗ ಟ್ಯಾಕ್ಸಿ ಓಡಿಸುವವಳು. ಕಾರು ಕಲಿಸುವ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡ ಬ್ರೇಕಮ್ಮ ಅಲ್ಲಿಂದಲೇ ಪಾಠ ಶುರು ಮಾಡಿದಳು. ಮೊದಲ ಶಿಷ್ಯ ಗಂಡನೇ. ಜೀವಮಾನವಿಡೀ ಅಂಗಡಿಯಲ್ಲಿ ಬಟ್ಟೆ ಹೊಲಿದ ಆ ಮನುಷ್ಯ, ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ಒಬ್ಬರು ಬೇಡವೇ ಎಂದು ಹೆಂಡತಿ ಕೇಳಿದಾಗ ಇಲ್ಲ ಎನ್ನಲಾರದೆ ಹೋಗಿದ್ದ. ಕಾರು ಎಗರಿ ಎಗರಿ ನಿಲ್ಲುತ್ತಿತ್ತು.

"ಕ್ಲಚ್ಚು ಹೊಲಿಗೆ ಮಷೀನಿನ ಪೆಡಲ್ ಅಲ್ಲ ಕಣ್ರೀ," ಕುರ್ಚಿಯಿಂದ ಕೂಗು ಬರುತ್ತಿತ್ತು. "ಮೆಲ್ಲಗೆ ಬಿಡಿ!"

ಕಾಲು ಇನ್ನೊಮ್ಮೆ ಊದಿತು. ಈ ಸಲ ಅವಳು ಅಂದೇ ಹೇಳಿದಳು, ಡಾಕ್ಟರು ಮಾತ್ರೆ ಬದಲಿಸಿದರು. ಅಷ್ಟರಲ್ಲಿ ಗಂಡ ಒಮ್ಮೆ ಫೇಲಾಗಿ, ಮತ್ತೊಮ್ಮೆ ಪಾಸಾಗಿ ಲೈಸೆನ್ಸ್ ಪಡೆದಿದ್ದ. ಮುಂದಿನ ತಪಾಸಣೆಗೆ ಅವನೇ ಕಾರು ಓಡಿಸಿದ, ಬಸವನಹುಳುವಿನ ಹಾಗೆ. ಹಿಂದಿನ ಗಾಡಿಗಳೆಲ್ಲ ಒಂದೇ ಸಮನೆ ಹಾರ್ನ್ ಬಾರಿಸಿದವು. ಬ್ರೇಕಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ, ಅವಸರ ಇದ್ದವರು ಸುತ್ತಿ ಹೋಗಲಿ ಎಂದು ಬೀಸಿದಳು.