ಕೈನೋವಲ್ಲ, ಕೈನೋಸ್

"ಅದಕ್ಕೆ ಗ್ರೀಕ್ ಭಾಷೇಲಿ ಕೈನೋಸ್ ಅಂತಾರೆ ಕಣೇ," ಎಂದ ಅಣ್ಣ.

ತನ್ನ ರಿಪೇರಿ ಅಂಗಡಿಯಲ್ಲಿ ಹಳೇ ಸೋಫಾಕ್ಕೆ ಬಟ್ಟೆ ಬಿಗಿಯುತ್ತಿದ್ದ ತಂಗಿ ತಲೆ ಎತ್ತಲಿಲ್ಲ. "ಕೈನೋವಾ? ಇಲ್ಲಪ್ಪ. ಅದು ಯಾವತ್ತೋ ಮರಗಟ್ಟಿ ಹೋಯ್ತು."

"ಕೈನೋವಲ್ಲ ಮಾರಾಯ್ತಿ, ಕೈನೋಸ್!" ಪಾದ್ರಿ ಅಣ್ಣ ಹೊಟ್ಟೆ ಕುಲುಕಿಸಿ ನಕ್ಕ. ಪಾಪ, ಅವನಿಗೇನು ಗೊತ್ತು! ತಂಗಿ ಮೆಟ್ಟಿಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು ಎಂದೇ ಅವನು ನಂಬಿದ್ದ. ಮುರಿದ ಮಹಾನುಭಾವ, ಅಂದರೆ ಅವಳ ಗಂಡ, ಆಮೇಲೆ ಮನೆ ಬಿಟ್ಟು ಹೋಗಿ, ಹೇಗೋ ಕುಡಿತವನ್ನೂ ಬಿಟ್ಟು, ಈಗ ಎದುರಿನ ಬಸ್ ನಿಲ್ದಾಣದಲ್ಲಿ ಕೂತಿದ್ದ. ಅವನನ್ನು ಮತ್ತೆ ಸೇರಿಸಿಕೊಳ್ಳುತ್ತೀಯೋ ಇಲ್ಲವೋ ಎಂದು ಕೇಳಲೇ ಅಣ್ಣ ಬಂದದ್ದು.

ಅವಳಿಗೋ ಏನೂ ಅನ್ನಿಸುತ್ತಿರಲಿಲ್ಲ. ಗಂಡ ಹೋದ ದಿನವೂ ಅಷ್ಟೇ, ಅಯ್ಯೋ ಎನ್ನಲಿಲ್ಲ, ಅಬ್ಬಾ ಎನ್ನಲಿಲ್ಲ. ಕೂತು ಗೋಂದು ಕಲಸಿದ್ದಳು.

"ಶಾಸ್ತ್ರದಲ್ಲಿ ಹೊಸದು ಅನ್ನೋಕೆ ಎರಡು ಮಾತಿದೆ," ಅಣ್ಣ ಪಟ್ಟು ಬಿಡಲಿಲ್ಲ. "ನೆಯೋಸ್ ಅಂದ್ರೆ ಮೊನ್ನೆ ಮೊನ್ನೆ ಹುಟ್ಟಿದ್ದು, ಮೊದಲು ಇರಲೇ ಇಲ್ಲದ್ದು. ಕೈನೋಸ್ ಅಂದ್ರೆ ಇದ್ದದ್ದೇ ಗುಣ ಬದಲಾಗಿ ಹೊಸದಾಗೋದು. ಇವನು ಕೈನೋಸ್."

"ಅಂದ್ರೆ ಅವನೇ."

"ಅವನೇ. ಆದ್ರೆ ಬದಲಾಗಿದಾನೆ."

"ಬೇರೆ ಯಾರೋ ಆಗಿದ್ರೆ ಸಲೀಸಾಗ್ತಿತ್ತು, ಬಿಡು." ಅವಳು ಮೊಳೆ ಹೊಡೆದಳು. "ಕರಿ, ಅದೇನಾಗಿದಾನೋ ನೋಡೋಣ."

ಗಂಡ ಬಂದು ಹೊಸ್ತಿಲಲ್ಲೇ ನಿಂತ. ಇಳಿದುಹೋಗಿದ್ದ. ಅವಳು ಕಾಲಿನಿಂದಲೇ ಕುರ್ಚಿ ತಳ್ಳಿದಳು. ಅವನು ಕೂರಲಿಲ್ಲ, ಸುತ್ತಿಗೆ ಹಿಡಿದ ಅವಳ ಸೊಟ್ಟ ಮಣಿಕಟ್ಟನ್ನೇ ನೋಡಿದ.

"ಭಾವ," ಎಂದ, ಅಣ್ಣನ ಕಡೆ ತಿರುಗಿ. "ಇವಳು ಮೆಟ್ಟಿಲಿಂದ ಬಿದ್ದಿದ್ದಲ್ಲ. ನಾನೇ ತಿರುಚಿ ಮುರಿದೆ. ಬಿದ್ದೆ ಅನ್ನು ಅಂತ ಹೆದರಿಸಿದವನೂ ನಾನೇ."

ಅಣ್ಣ ತಟ್ಟನೆ ಆ ಮಣಿಕಟ್ಟಿನ ಕಡೆ ತಿರುಗಿದ. ತಂಗಿಯ ಕೈಯಿಂದ ಸುತ್ತಿಗೆ ಜಾರಿ ಬಿತ್ತು. ಮೊದಲು ಭಯವಾಯಿತು, ಹಿಂದೆಯೇ ಎಲ್ಲಿತ್ತೋ ಅಷ್ಟು ಸಿಟ್ಟು ಬಂತು. ಈ ಒಂದು ಮಾತನ್ನು ಯಾರಾದರೂ ಆಡಲಿ ಎಂದು ತಾನು ಇಷ್ಟು ದಿನ ಕಾದಿದ್ದು ಅವಳಿಗೆ ಆಗಲೇ ಗೊತ್ತಾದದ್ದು.

"ಇವತ್ತು ಒಳಗೆ ಬೇಡ," ಎಂದಳು ಗಂಡನಿಗೆ. "ನಾಳೆ ಬೆಳಿಗ್ಗೆ ಕೆಲಸಕ್ಕೆ ಬಾ. ಅಂಗಡಿ ಬೀಗ ನಾನೇ ತೆಗೀತೀನಿ, ನಾನೇ ಹಾಕ್ತೀನಿ."

ಅವನು ತಲೆಯಾಡಿಸಿ ಹೊರಟುಹೋದ. ಅವಳು ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಸೋಫಾದ ಅಂಚಿಗೆ ಕುಸಿದಳು.

ಅಣ್ಣ ಪಕ್ಕದಲ್ಲಿ ಕೂತ. ಮೆಲ್ಲಗೆ ಕೇಳಿದ, "ಕೈ ನೋವಾ?"

"ಹೂಂ," ಎಂದಳು. "ಈಗ ನೋಯ್ತಿದೆ."