ಒಳಗಿನಿಂದ ತೆರೆಯದ ಜಿಪ್

ನಮ್ಮ ಮೊಂಡಿಗೆ ಕರುಳೇ ಇಲ್ಲ ಎಂದು ಅವಳ ಕ್ಲಾಸ್ ಟೀಚರ್ ನನಗೆ ಫೋನ್ ಮಾಡಿ ಹೇಳಿದರು. ನಾನು ಆಗ ಕಾರ್ಖಾನೆಯಲ್ಲಿ ಲಾರಿಯ ಟಾರ್ಪಾಲು ಹೊಲಿಯುತ್ತಿದ್ದೆ. ಸಮುದ್ರದಾಚೆಯ ಯಾವುದೋ ದೇಶದಲ್ಲಿ ಭೂಕಂಪವಾಗಿ ಊರಿಗೆ ಊರೇ ನೆಲ ಕಚ್ಚಿತ್ತು. ಮಕ್ಕಳಲ್ಲಿ ಸ್ವಲ್ಪ ಮರುಕ ಹುಟ್ಟಲಿ ಎಂದು ಟೀಚರ್ ಅದರ ವಿಡಿಯೋ ಹಾಕಿದ್ದರಂತೆ. ಮೊಂಡಿ ನಕ್ಕಳಂತೆ. ನಕ್ಕದ್ದಷ್ಟೇ ಅಲ್ಲ, ಟೀಚರ್ ಬೆನ್ನು ತಿರುಗಿಸಿದ್ದೇ ತಡ ಎದ್ದು ನಿಂತು ನಟಿಸಿ ತೋರಿಸಿದಳಂತೆ.

ಮೊಂಡಿ ನನ್ನ ತಂಗಿಯ ಮಗಳು, ಹನ್ನೆರಡು ವರ್ಷ. ತಂಗಿ ತೀರಿಕೊಂಡಾಗ ಅವಳಿಗೆ ನಾಲ್ಕು. ಅಂದಿನಿಂದ ನನ್ನ ಜೊತೆಗಿದ್ದಾಳೆ. ಬೇರೆ ಹೆಸರಿದೆ, ಆದರೆ ಅವಳು ಅದಕ್ಕೆ ಓಗೊಡುವುದು ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಮಾತ್ರ.

ಸಂಜೆ ಕಿವಿ ಹಿಂಡಿ ಕೇಳಿದೆ.

"ದೊಡ್ಡಮ್ಮ, ಒಬ್ಬ ಬಚ್ಚಲುಮನೆಯಿಂದ ಓಡಿ ಬಂದ, ತಲೆ ತುಂಬ ಸೋಪು. ಒಂದ್ ಕೈಲಿ ಟವೆಲ್, ಇನ್ನೊಂದ್ ಕೈಲಿ ಮಗ್ಗು. ಮನೆ ಬೀಳ್ತಿದೆ, ಅವ್ನು ಮಗ್ಗು ಬಿಡ್ತಿಲ್ಲ. ನೀನಾಗಿದ್ರೂ ನಗ್ತಿದ್ದೆ."

ನನಗೂ ನಗು ತುಟಿಯವರೆಗೆ ಬಂದಿತ್ತು, ನುಂಗಿಕೊಂಡೆ. "ಅವ್ನ ಮಕ್ಕಳು ಒಳಗೇ ಇದ್ದಿದ್ರೆ?" ಎಂದೆ.

"ಅದನ್ನ ತೋರಿಸ್ಲಿಲ್ಲ," ಎಂದಳು.

ಎರಡು ದಿನಕ್ಕೆ ರಜೆ ಶುರುವಾಯಿತು. ಅದೇ ದೇಶಕ್ಕೆ ಕಳಿಸುವ ಡೇರೆಗಳ ಕೆಲಸ ನಮ್ಮಲ್ಲಿ ನಡೆದಿತ್ತು. ಕಣ್ಣಾರೆ ನೋಡಲಿ, ಕೈಯಾರೆ ಮಾಡಲಿ, ಬುದ್ಧಿ ಬರುತ್ತದೆ ಎಂದು ಮಾಲೀಕರನ್ನು ಕೇಳಿ ಅವಳನ್ನು ಜೊತೆಗೆ ಕರೆದುಕೊಂಡು ಹೋದೆ. ಟೀಚರ್ ಕೈಯಲ್ಲಿ ಆಗದ್ದನ್ನು ನಾನು ಮಾಡಿ ತೋರಿಸುತ್ತೇನೆ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮದು ಉದ್ದನೆಯ ಒಂದೇ ಕೋಣೆ. ಗೋಡೆಗೆ ಆನಿಕೊಂಡು ಆರು ಮಷೀನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಬಾಗಿಲ ಹತ್ತಿರ ಮೂಟೆ ಕಟ್ಟುವ ಜಾಗ. ಮೇಜಿನ ಒಡೆಯರು ಕಟಿಂಗ್ ಮಾಸ್ತರು. ವಯಸ್ಸಾಗಿದೆ, ಕಣ್ಣು ಮಂಜು, ಆದರೂ ಸೀಮೆಸುಣ್ಣ ಹಿಡಿದರೆ ಗೆರೆ ಕೂದಲಷ್ಟೂ ಅತ್ತಿತ್ತ ಹೋಗುವುದಿಲ್ಲ. ಅವರು ಮೊಂಡಿಗೆ ರನ್ನರ್ ಪೋಣಿಸುವ ಕೆಲಸ ಕೊಟ್ಟರು. ರನ್ನರ್ ಎಂದರೆ ಜಿಪ್ಪಿನ ಮೇಲೆ ಓಡಾಡುವ ಪುಟ್ಟ ಲೋಹದ ತುಂಡು. ಡೇರೆಯ ರನ್ನರ್‌ಗೆ ಒಳಗೊಂದು ಹೊರಗೊಂದು ಹಿಡಿ ಇರುತ್ತದೆ, ಯಾವ ಕಡೆಯಿಂದಲಾದರೂ ಎಳೆಯಬಹುದು. ಮೊಂಡಿ ಒಂದೇ ದಿನದಲ್ಲಿ ಕೈ ಕುದುರಿಸಿಕೊಂಡಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ಒಂದು ಡೇರೆಯಲ್ಲಿ ಎಷ್ಟು ಜನ, ಪಕ್ಕದ ಡೇರೆಯವರು ಗೊರಕೆ ಹೊಡೆದರೆ ಏನು ಗತಿ, ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆ. ಮಷೀನಿನವರೆಲ್ಲ ನಗುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಮಾಲೀಕರು ಬಂದು ಡೇರೆಯ ಕೆಲಸ ನಿಲ್ಲಿಸಿ ಎಂದರು. ಮೊಂಡಿ ನೀರು ಹಿಡಿಯಲು ನಲ್ಲಿಗೆ ಹೋಗಿದ್ದಳು. ಹೊಸ ಕೆಲಸದ ಕಾಗದವನ್ನು ಮೇಜಿನ ಮೇಲಿಟ್ಟು ಮಾಲೀಕರು ಧ್ವನಿ ತಗ್ಗಿಸಿ ಹೇಳಿದರು. ದಪ್ಪ ಬಿಳಿ ಪ್ಲಾಸ್ಟಿಕ್ಕಿನ ಚೀಲ, ಉದ್ದಕ್ಕೂ ಜಿಪ್, ಎತ್ತಿಕೊಳ್ಳಲು ಬದಿಗಳಲ್ಲಿ ಆರು ಪಟ್ಟಿ. ಹೆಣಗಳಿಗೆ. ಎರಡು ಅಳತೆ. ಏಳೂವರೆ ಅಡಿಯದು ಮುನ್ನೂರು, ಐದು ಅಡಿಯದು ಅರವತ್ತು.

ಐದು ಅಡಿಯದನ್ನು ಹೊಲಿಯಲು ಆರು ಜನರಲ್ಲಿ ಯಾರೂ ಕೈ ಮುಂದೆ ಮಾಡಲಿಲ್ಲ. ಮಾಸ್ತರು ಮೂಲೆಯ ಹಳೆಯ ಮಷೀನಿನ ಹೊದಿಕೆ ತೆಗೆದು, ಎಷ್ಟೋ ವರ್ಷಗಳ ಮೇಲೆ ತಾವೇ ಕೂತರು.

ಮೊಂಡಿ ಕೊಡದ ಜೊತೆ ಬಂದಳು. "ಇದೇನು?" ಎಂದಳು.

ಎಲ್ಲರೂ ನನ್ನ ಮುಖ ನೋಡಿದರು. ಕಲಿಸಬೇಕೆಂದು ಕರೆತಂದವಳು ನಾನು. ಆದರೆ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು. "ಮಲಗೋ ಚೀಲ. ಅಲ್ಲಿ ಚಳಿ."

"ಚಿಕ್ಕದು ಮಕ್ಕಳಿಗಾ?"

"ಹೂಂ. ಮಾತು ಸಾಕು, ಕೆಲಸ ನೋಡು."

ಆ ಗಳಿಗೆಯಿಂದ ಇಡೀ ಕೋಣೆ ನನ್ನ ಸುಳ್ಳನ್ನು ಹೊತ್ತುಕೊಂಡಿತು. ಯಾರೂ ನಗಲಿಲ್ಲ, ಹರಟಲಿಲ್ಲ. ಮೊಂಡಿ ಒಬ್ಬಳೇ ವಟಗುಟ್ಟುತ್ತಿದ್ದಳು. ಪ್ಲಾಸ್ಟಿಕ್ ಒಳಗೆ ಬೆವರುವುದಿಲ್ಲವೇ, ಪಟ್ಟಿ ಯಾಕೆ, ಬಣ್ಣದ್ದು ಮಾಡಿದ್ದರೆ ಮಕ್ಕಳಿಗೆ ಇಷ್ಟವಾಗುತ್ತಿತ್ತಲ್ಲವೇ. ಕೊನೆಗೆ ರನ್ನರ್ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು. "ಇದಕ್ಕೆ ಹೊರಗಡೆ ಮಾತ್ರ ಹಿಡಿ ಇದೆ. ಒಳಗಿರೋರು ಹೇಗೆ ತೆಗೀತಾರೆ?"

"ಹೊರಗಿಂದ ಯಾರಾದ್ರೂ ತೆಗೀತಾರೆ."

"ರಾತ್ರಿ ಉಚ್ಚೆ ಬಂದ್ರೆ?"

ನನ್ನ ಪಕ್ಕದ ಮಷೀನಿನವಳು ಎದ್ದು ಮುಖ ತೊಳೆಯಲು ಹೋದಳು.

ಮರುದಿನ ಊಟ ಮುಗಿಸಿ ಬಂದೆ. ಮೇಜಿನ ಮೇಲೆ ಐದು ಅಡಿಯ ಚೀಲವೊಂದು ಮಲಗಿತ್ತು. ಜಿಪ್ ತಲೆಯವರೆಗೆ ಎಳೆದಿತ್ತು, ಒಳಗೆ ಯಾರೋ ಇದ್ದರು. ಹೇಗೆ ಓಡಿದೆನೋ, ಜಿಪ್ ಹರಿಯುವಂತೆ ಎಳೆದೆ. ಮೊಂಡಿ ಕೆಂಪು ಮುಖ ಹೊತ್ತು ಎದ್ದು ಕೂತಳು. ಬಾಯಿಗೆ ಮಾತು ಬರುವ ಮೊದಲೇ ಕೈ ಬೀಸಿತ್ತು. ಅವಳ ಕೆನ್ನೆಗೆ ನಾನು ಹೊಡೆದದ್ದು ಅದೇ ಮೊದಲು.

ಅವಳು ಅಳಲಿಲ್ಲ. "ಅವ್ರೇ ಎಳೆದ್ರು, ನಾನೇ ಕೇಳ್ದೆ," ಎಂದು ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದ ಮೂಟೆ ಕಟ್ಟುವವನ ಕಡೆ ಕೈ ತೋರಿಸಿದಳು. "ನೋಡ್ದೆ ದೊಡ್ಡಮ್ಮ. ಒಳಗಿಂದ ತೆಗೆಯೋಕೆ ಆಗೋದೇ ಇಲ್ಲ. ತುಂಬಾ ಭಯ ಆಗತ್ತೆ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮುಂದಿನ ಎರಡು ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡು ಮಾಸ್ತರ ಪಕ್ಕ ಕೂತು ಕೆಲಸ ಮಾಡಿದಳು. ಏಟಿನ ಕೋಪ, ಇಳಿಯುತ್ತದೆ ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಸಾಮಾನು ಒಯ್ಯುವ ಲಾರಿ ಬರುವುದಿತ್ತು. ಬೆಳಿಗ್ಗೆ ಪರಿಹಾರ ಸಂಸ್ಥೆಯ ಹೆಂಗಸೊಬ್ಬರು ಚೀಲಗಳನ್ನು ನೋಡಲು ಬಂದರು. ದೊಡ್ಡವು ಸರಿಯಿದ್ದವು. ಚಿಕ್ಕದೊಂದನ್ನು ಬಿಡಿಸಿ ಒಳಗೆ ಕೈ ಹಾಕಿದವರು ಹಾಗೇ ನಿಂತರು. ಒಳಗಡೆ ರನ್ನರ್‌ಗೆ ಇನ್ನೊಂದು ಹಿಡಿ, ಅದಕ್ಕೆ ಬೆರಳಿಗೆ ಸಿಗುವಂತೆ ಗಂಟು ಹಾಕಿದ ಕೆಂಪು ಪಟ್ಟಿಯ ಚೂರು. ಇನ್ನೊಂದು ತೆಗೆದರು, ಅದರಲ್ಲೂ ಅದೇ. ಅರವತ್ತರಲ್ಲೂ. ಮೊಂಡಿ ಡೇರೆಯ ಡಬ್ಬಿಯಿಂದ ಎರಡು ಹಿಡಿಯ ರನ್ನರ್ ತೆಗೆದು ಪೋಣಿಸಿ ಕೊಟ್ಟಿದ್ದಳು, ಮಾಸ್ತರು ಹೊಲಿದಿದ್ದರು, ಮೊದಲೇ ಮುಗಿದಿದ್ದವನ್ನೂ ಬಿಚ್ಚಿ ಬದಲಿಸಿದ್ದರು. ಮಡಚುವಾಗ ಅವಳು ಪಟ್ಟಿ ಕಟ್ಟಿದ್ದಳು.

ಆಕೆ ನಮ್ಮನ್ನು ಬೈಯಲಿಲ್ಲ. ಮಾಲೀಕರನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು. "ಅಲ್ಲಿ ತಂದೆ ತಾಯಿ ಇದನ್ನ ತೆಗೆದು ಮುಖ ನೋಡ್ತಾರೆ. ಒಳಗೆ ಹಿಡಿ ಕಂಡ್ರೆ ಏನಂದ್ಕೋತಾರೆ ಹೇಳಿ. ಇವತ್ತೇ ಕತ್ತರಿಸಿ."

ಮಾಲೀಕರು ಒಳಗೆ ಬಂದು ಮಾಸ್ತರ ಮೇಲೆ ಹರಿಹಾಯ್ದರು. ಕಣ್ಣು ಕಾಣದಿದ್ದರೆ ಮನೆಯಲ್ಲಿರಬೇಕು ಎಂದೂ ಅಂದರು. ಮಾಸ್ತರು ತಲೆ ತಗ್ಗಿಸಿಕೊಂಡೇ ಇದ್ದರು. ಮಾಲೀಕರು ಅತ್ತ ಹೋದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು. "ಕಣ್ಣಿಗೆ ಕಾಣ್ಲಿಲ್ಲ ನಿಜ. ಬೆರಳಿಗೆ ಗೊತ್ತಾಗದೆ ಇರತ್ತಾ. ಮಗು ಅಷ್ಟು ಆಸೆಯಿಂದ ಹಾಕಿತ್ತು, ನನ್ ಕೈಲಿ ಬೇಡ ಅನ್ನೋಕಾಗ್ಲಿಲ್ಲ."

ನಾನು ಮೊಂಡಿಯನ್ನು ಬಟ್ಟೆಯ ಸುರುಳಿಗಳ ಹಿಂದೆ ಕೂರಿಸಿಕೊಂಡೆ. ಒಂದೇ ಉಸಿರಿಗೆ ಹೇಳಿದೆ. "ಅದು ಮಲಗೋಕಲ್ಲ. ಸತ್ತವರನ್ನ ಹಾಕೋ ಚೀಲ. ಚಿಕ್ಕದು ಮಕ್ಕಳಿಗೆ. ಸುಳ್ಳು ಹೇಳಿದ್ದೆ."

ಅವಳು ತನ್ನ ಅಂಗೈ ನೋಡಿಕೊಂಡಳು. ಬಿಳಿ ಪ್ಲಾಸ್ಟಿಕ್ಕಿನ ಪುಡಿ ಅಂಟಿತ್ತು.

"ಅರವತ್ತು ಜನ," ಎಂದಳು.

"ಇದು ನಮ್ಮ ಕಾರ್ಖಾನೆಯದು. ಬೇರೆ ಕಡೆನೂ ಹೊಲೀತಿದಾರೆ."

"ಅಮ್ಮ ಮಲಗಿದಾಳೆ, ಎಬ್ಬಿಸ್ಬೇಡ ಅಂದಿದ್ದೆ ನೀನು. ಅದೂ ಹಿಂಗೇನಾ?"

ಹೂಂ ಎಂದೆ. ಎಂಟು ವರ್ಷದ ಹಿಂದಿನ ಸುಳ್ಳು ಅವಳಿಗೆ ನೆನಪಿಲ್ಲ ಎಂದು ಹಾಯಾಗಿದ್ದ ಹೆಂಗಸು ನಾನು.

ಅವಳು ಎದ್ದು ಹೋಗಿ ಇಕ್ಕಳ ತಂದಳು. ನಾನು ಮಾಡುತ್ತೇನೆ ಎಂದರೆ ಕೊಡಲಿಲ್ಲ. ಒಂದೊಂದೇ ಚೀಲ ಬಿಡಿಸಿ, ಒಳಗಿನ ಹಿಡಿಯನ್ನು ಇಕ್ಕಳದಿಂದ ಕಚ್ಚಿ ಮುರಿದು, ಕೆಂಪು ಪಟ್ಟಿಯ ಜೊತೆ ಡಬ್ಬಿಗೆ ಹಾಕಿದಳು. ಮುರಿದ ಜಾಗ ಚುಚ್ಚಬಾರದೆಂದು ಮಾಸ್ತರು ಅರದಿಂದ ಉಜ್ಜಿದರು. ನಾನು ಮತ್ತೆ ಮಡಚಿದೆ. ಮಷೀನುಗಳು ನಿಂತಿದ್ದವು, ಡಬ್ಬಿಗೆ ಬೀಳುವ ಟಿಣ್ ಸದ್ದು ಮಾತ್ರ ಕೇಳುತ್ತಿತ್ತು.

ಕೊನೆಯ ಚೀಲ ಬಂದಾಗ ಅವಳ ಕೈ ನಿಂತಿತು. "ದೊಡ್ಡಮ್ಮ, ಯಾರಾದ್ರೂ ಇನ್ನೂ ಬದುಕಿದ್ರೆ? ಗೊತ್ತಾಗ್ದೆ ಹಾಕ್ಬಿಟ್ರೆ?"

ಡಾಕ್ಟರು ನೋಡಿರುತ್ತಾರೆ, ಹಾಗೆಲ್ಲ ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಲ್ಲಿ ಎಷ್ಟು ಡಾಕ್ಟರು ಉಳಿದಿದ್ದಾರೋ ನನಗೇನು ಗೊತ್ತು. "ಗೊತ್ತಿಲ್ಲ ಮೊಂಡಿ," ಎಂದೆ. "ಇದೊಂದು ಹಾಗೇ ಇರ್ಲಿ ಬೇಕಾದ್ರೆ. ಮೂಟೆ ಮಧ್ಯ ಇಟ್ಬಿಡ್ತೀನಿ, ಯಾರೂ ನೋಡಲ್ಲ."

ಅವಳು ಪಟ್ಟಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ಬೇಡ. ಅದು ಯಾವ್ದಾದ್ರೂ ಒಬ್ಬ ಅಮ್ಮನಿಗೆ ಸಿಗತ್ತೆ. ನನ್ ಮಗು ಎಳೆದಿತ್ತೇನೋ, ನಾನು ನೋಡ್ಲಿಲ್ವೇನೋ ಅಂತ ಅವ್ಳು ದಿನಾ ಅಂದ್ಕೋತಾಳೆ." ಇಕ್ಕಳ ಹಿಡಿದಳು. "ನಾನು ಅಮ್ಮ ಏಳ್ತಾಳೆ ಅಂತ ತುಂಬಾ ದಿನ ಕಾದಿದ್ದೆ."

ಅದನ್ನೂ ಮುರಿದಳು.

ಲಾರಿ ಹೋದ ಮೇಲೆ ಮಾಲೀಕರು ಎಲ್ಲರನ್ನೂ ಬೇಗ ಬಿಟ್ಟರು. ರಸ್ತೆಯಲ್ಲಿ ಇನ್ನೂ ಬಿಸಿಲಿತ್ತು. ಅಂಗಡಿಯ ಟೀವಿಯಲ್ಲಿ ಅದೇ ಊರು, ಅದೇ ಮಣ್ಣಿನ ಗುಡ್ಡೆ, ಮತ್ತೆ ಅದೇ ಸೋಪು ಮೆತ್ತಿದ ಮನುಷ್ಯ. ಮೊಂಡಿ ನಿಂತು ಪೂರ್ತಿ ನೋಡಿದಳು. "ಆ ಮಗ್ಗು ನೋಡು ದೊಡ್ಡಮ್ಮ. ಅವ್ನ ಮನೇದು ಉಳಿದಿದ್ದು ಅದೊಂದೇ," ಎಂದಳು. ನಾವು ಮುಂದೆ ನಡೆದೆವು.

ಮನೆಯ ತಿರುವಿನಲ್ಲಿ ಅವಳು ಕೇಳಿದಳು. "ಅಮ್ಮಂಗೂ ಅಂಥದ್ದೇ ಹಾಕಿದ್ರಾ?"

"ಹೂಂ. ಆಸ್ಪತ್ರೆಯಲ್ಲಿ. ಬಿಳೀದೇ."

"ಜಿಪ್ ಯಾರು ಎಳೆದಿದ್ದು?"

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. "ನಾನೇ," ಎಂದೆ. "ಅವ್ರು ಎಳೀತೀವಿ ಅಂದ್ರು, ನಾನು ಬಿಡ್ಲಿಲ್ಲ."

"ಜೋರಾಗಿ ಎಳೆದ್ಯಾ?"

"ಇಲ್ಲ. ಕುತ್ತಿಗೆ ಹತ್ರ ಕೂದಲು ಸಿಕ್ಕಾಕ್ಕೊಳ್ತು. ನಿಲ್ಲಿಸಿ ಬಿಡಿಸ್ದೆ. ಅವ್ಳಿಗೆ ನೋವಾಗತ್ತೇನೋ ಅನ್ನಿಸ್ತು."

ಮೊಂಡಿ, ನಾಲ್ಕು ವರ್ಷದವಳಿದ್ದಾಗ ಹಿಡಿಯುತ್ತಿದ್ದಂತೆ ನನ್ನ ಎರಡು ಬೆರಳು ಹಿಡಿದುಕೊಂಡಳು. ಬಾಗಿಲ ಬೀಗ ತೆಗೆಯಲು ಆ ಕೈ ಬೇಕಾಗಿತ್ತು, ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದಲೇ ತೆಗೆದೆ.